ಹಿಗ್ಗುವ ಘನ, ಅಂಟುವ ಅಣು: ದಾವಣಗೆರೆ–ಹರಿಹರದ ವಸ್ತುಗಳಲ್ಲಿ ಅಧಿಶೋಷಣೆಯ ಮಾದರಿಗಳು

ಗಾಳಿಯಲ್ಲೋ ನೀರಿನಲ್ಲೋ ಇರುವ ಅಣುಗಳು ಘನವಸ್ತುವಿನ ಮೈಗೆ ಬಂದು ಅಂಟಿಕೊಳ್ಳುವುದಕ್ಕೆ ಅಧಿಶೋಷಣೆ ಎಂದು ಹೆಸರು. ಅಂಟಿದವು ಕಳಚಿಕೊಂಡು ಹೋಗುವುದಕ್ಕೆ ವಿಶೋಷಣೆ ಎನ್ನುತ್ತಾರೆ. ಎಷ್ಟು ಅಣು, ಎಷ್ಟು ಬೇಗ, ಯಾವ ತಾಪದಲ್ಲಿ ಅಂಟುತ್ತವೆ ಮತ್ತು ಬಿಡುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವ ಕೆಲಸಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಬಹುಪಾಲು ಘನವನ್ನು ಅಲುಗದ ನೆಲವೆಂದೇ ಎಣಿಸಿ ನಡೆಯಿತು: ಅಣು ಬರುತ್ತದೆ, ಹೋಗುತ್ತದೆ, ನೆಲ ಇದ್ದಂತೆಯೇ ಇರುತ್ತದೆ. ದಾವಣಗೆರೆ ಮತ್ತು ಹರಿಹರ ಯಾವ ವಸ್ತುಗಳನ್ನು ನಂಬಿ ಬೆಳೆದವೋ ಅವು ಈ ಎಣಿಕೆಗೆ ಒಗ್ಗುವುದಿಲ್ಲ. ಎರೆ ಹೊಲದ ಮಣ್ಣು, ಅದರಲ್ಲಿ ಬೆಳೆದ ಹತ್ತಿ, ತುಂಗಭದ್ರೆಯ ದಡದ ಮರದ ತಿರುಳು ಮತ್ತು ವಿಸ್ಕೋಸ್ ನಾರು, ಭಟ್ಟಿಯಲ್ಲಿ ಅರಳುವ ಮಂಡಕ್ಕಿ, ಇವೆಲ್ಲ ನೀರಿನ ಅಣುವನ್ನು ಒಳಗೆ ಬಿಟ್ಟುಕೊಳ್ಳುತ್ತಲೇ ತಾವೂ ಬೇರೆಯಾಗುತ್ತವೆ. ಇಂಥ ವಸ್ತುಗಳಿಗೆ ಮಾದರಿ ಕಟ್ಟುವವರು ಅಣುಗಳ ಸಂಖ್ಯೆಯ ಜೊತೆಗೆ ಘನದ ಸ್ಥಿತಿಯನ್ನೂ ಸ್ವತಂತ್ರ ಚರವಾಗಿ ಬರೆಯಬೇಕು. ಅದನ್ನು ಬಿಟ್ಟು ಬರೆದ ಸೂತ್ರ ಒಂದು ದಿನದ ಅಳತೆಗೆ ಹೊಂದಬಹುದು, ಮರುದಿನದ ನಡೆಯನ್ನು ಹೇಳಲಾರದು. ಈ ಲೇಖನ ಎತ್ತಿ ಹಿಡಿಯುವ ವಾದ ಇದು. ಇದಕ್ಕೆ ಬೇಕಾದ ನಿರ್ಣಾಯಕ ಪ್ರಯೋಗಗಳಲ್ಲಿ ಒಂದು ನಡೆದದ್ದು ಬೆಂಗಳೂರಿನಲ್ಲಿ ಎಂಬುದು ನಮ್ಮಲ್ಲಿ ಸಾಕಷ್ಟು ಜನಕ್ಕೆ ಗೊತ್ತಿಲ್ಲ.

ಅಲುಗದ ನೆಲದ ಕಲ್ಪನೆಯನ್ನು ತಳ್ಳಿಹಾಕುವ ಮುನ್ನ ಅದರ ಯೋಗ್ಯತೆಯನ್ನು ಒಪ್ಪಬೇಕು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಿದ್ಯುತ್ ಬಲ್ಬುಗಳ ಮೇಲೆ ಕೆಲಸ ಮಾಡುತ್ತಿದ್ದ ಅರ್ವಿಂಗ್ ಲ್ಯಾಂಗ್ಮ್ಯೂರ್ 1916 ಮತ್ತು 1918ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಈ ಶಾಸ್ತ್ರದ ತಳಹದಿ ಇದೆ. ಬಲ್ಬಿನ ಗಾಜಿಗೂ ಟಂಗ್‌ಸ್ಟನ್ ತಂತಿಗೂ ಅಂಟಿ ಕೂತ ಅನಿಲ ಅವರಿಗೆ ದಿನನಿತ್ಯದ ತೊಂದರೆಯಾಗಿತ್ತು. ಘನದ ಮೈಮೇಲೆ ಎಣಿಸಿಟ್ಟಷ್ಟು ನೆಲೆಗಳಿವೆ, ಒಂದು ನೆಲೆಯಲ್ಲಿ ಒಂದೇ ಅಣು, ನೆರೆಯವರ ಹಂಗು ಯಾರಿಗೂ ಇಲ್ಲ: ಬಸ್ಸಿನ ಸೀಟುಗಳ ಹಾಗೆ. ಖಾಲಿ ನೆಲೆಗಳ ಪ್ರಮಾಣಕ್ಕೂ ಅನಿಲದ ಒತ್ತಡಕ್ಕೂ ತಕ್ಕಂತೆ ಅಣುಗಳು ಕೂರುತ್ತವೆ. ತುಂಬಿದ ನೆಲೆಗಳ ಪ್ರಮಾಣಕ್ಕೆ ತಕ್ಕಂತೆ ಏಳುತ್ತವೆ. ಎರಡೂ ಸಮವಾದಲ್ಲಿ ಸಮತೋಲ. ಇಷ್ಟರಿಂದ ಬರುವ ರೇಖೆ ಮೊದಲು ಕಡಿದಾಗಿ ಏರಿ ಆಮೇಲೆ ಮಟ್ಟಸವಾಗುತ್ತದೆ, ಅಭ್ರಕದಂಥ ಗಟ್ಟಿ ಮೈಗಳಿಗೆ ಚೆನ್ನಾಗಿ ಹೊಂದುತ್ತದೆ. ಬೇರೆ ಬೇರೆ ಬಗೆಯ ನೆಲೆಗಳೂ ಇರಬಹುದೆಂದು ಲ್ಯಾಂಗ್ಮ್ಯೂರ್ ಅವರೇ 1918ರಲ್ಲಿ ಬರೆದಿದ್ದರು. ಅವರ ಹೆಸರಿನಲ್ಲಿ ಇಂದು ಪಾಠಮಾಡುವ ಸೂತ್ರಕ್ಕಿಂತ ಅವರ ಯೋಚನೆ ದೊಡ್ಡದು. 1938ರಲ್ಲಿ ಬ್ರುನಾವರ್, ಎಮ್ಮೆಟ್, ಟೆಲ್ಲರ್ ಮೂವರು ಸೇರಿ ಒಂದು ಪದರದ ಮೇಲೆ ಇನ್ನೊಂದು ಪದರ ಕೂರುವುದಕ್ಕೆ ಅವಕಾಶ ಕೊಟ್ಟರು. ನೆಲ ಮಾತ್ರ ಅಲುಗಲಿಲ್ಲ.

ಈಗ ಹತ್ತಿಗೆ ಬರೋಣ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ದಾವಣಗೆರೆಯನ್ನು ಕರೆಯುತ್ತಿದ್ದ ಕಾಲದಲ್ಲಿ ಊರಿನ ಜೀವನಾಡಿ ಮಿಲ್ಲುಗಳೇ ಆಗಿದ್ದವು. ದಾವಣಗೆರೆ ಕಾಟನ್ ಮಿಲ್ಲಿನ ಹೆಸರು ಇಂದು ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯಲ್ಲಿ ಉಳಿದಿದೆ. ಮಿಲ್ಲಿನಲ್ಲಿ ಗಾಳಿಯ ತೇವವನ್ನು ಕಾಯುವುದೆಂದರೆ ನೂಲನ್ನೇ ಕಾಯುವುದು. ನೂಲುವ ಖಾತೆಯಲ್ಲಿ ಸಾಪೇಕ್ಷ ಆರ್ದ್ರತೆ ಶೇ 55–60ರ ಸುತ್ತ ಇರಬೇಕು, ನೇಯುವ ಖಾತೆಯಲ್ಲಿ ಇನ್ನೂ ಹೆಚ್ಚು. ಒಣಗಿದರೆ ಎಳೆ ಕಡಿಯುತ್ತದೆ, ನಾರುಗಳು ವಿದ್ಯುದಾವೇಶಗೊಂಡು ಕೆದರುತ್ತವೆ. ಹತ್ತಿಯ ವ್ಯಾಪಾರದಲ್ಲಿ ಲೆಕ್ಕಕ್ಕೆ ಹಿಡಿಯುವ ರೀಗೇನ್, ಅಂದರೆ ಒಣ ನಾರಿನ ತೂಕಕ್ಕೆ ನೀರಿನ ಪ್ರಮಾಣ, ಶೇ 8.5. ಸಂಖ್ಯೆ ನಿಖರವಾಗಿ ಕಾಣುತ್ತದೆ. ಆದರೆ ಶೇ 65ರ ಆರ್ದ್ರತೆಯ ಒಂದೇ ಕೋಣೆಯಲ್ಲಿ ಎರಡು ಹಿಡಿ ಅರಳೆ ಇಟ್ಟು ನೋಡಿದರೆ ಅದು ನಿಖರವಲ್ಲವೆಂದು ತಿಳಿಯುತ್ತದೆ. ಒಣ ಕಡೆಯಿಂದ ಬಂದ ಅರಳೆ ಶೇ 7ರಿಂದ 8ರಷ್ಟು ನೀರು ಹಿಡಿದು ನಿಲ್ಲುತ್ತದೆ. ಹಸಿ ಕಡೆಯಿಂದ ಬಂದದ್ದು ಅದಕ್ಕಿಂತ ಹೆಚ್ಚುಕಡಿಮೆ ಶೇ 1ರಷ್ಟು ಹೆಚ್ಚು ಉಳಿಸಿಕೊಂಡು ನಿಲ್ಲುತ್ತದೆ. ಅದೇ ಗಾಳಿ, ಅದೇ ತಾಪ, ಅದೇ ಹತ್ತಿ, ಆದರೂ ಎರಡು ಉತ್ತರ. ಅಂಟುವ ದಾರಿಗೂ ಬಿಡುವ ದಾರಿಗೂ ನಡುವಿನ ಈ ಅಂತರಕ್ಕೆ ಹಿಸ್ಟರಿಸಿಸ್ ಎನ್ನುತ್ತಾರೆ. ನೂರು ಕಿಲೋ ಅರಳೆಗೆ ಒಂದು ಕಿಲೋ ನೀರಿನ ವ್ಯತ್ಯಾಸವೆಂದರೆ ತಕ್ಕಡಿಯ ಮುಂದೆ ನಿಂತ ರೈತನಿಗೂ ಖರೀದಿದಾರನಿಗೂ ಅದು ಸೂಕ್ಷ್ಮ ವಿಚಾರವಲ್ಲ.

ಇದರ ವ್ಯವಸ್ಥಿತ ಅಳತೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲೇ ನಡೆಯಿತು. ಅಲ್ಲಿನ ಶರ್ಲಿ ಸಂಸ್ಥೆಯ ಎ.ಆರ್. ಅರ್ಕ್ಹಾರ್ಟ್ ಮತ್ತು ಸಂಗಡಿಗರು 1920ರ ದಶಕದಲ್ಲಿ ಹತ್ತಿಯ ತೇವದ ನಡೆಯನ್ನು ವರ್ಷಗಟ್ಟಲೆ ಅಳೆದರು. ಅವರ ವಿವರಣೆಯ ತಿರುಳು ಹೀಗಿದೆ. ಸೆಲ್ಯುಲೋಸ್ ಸರಪಣಿಗಳಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿವೆ; ಇವು ನೀರಿನ ಅಣುವನ್ನು ಹಿಡಿಯಬಲ್ಲವು, ನೀರಿಲ್ಲದಾಗ ಪಕ್ಕದ ಸರಪಣಿಯ ಹೈಡ್ರಾಕ್ಸಿಲನ್ನೇ ಹಿಡಿದುಕೊಳ್ಳುತ್ತವೆ. ಒಣ ನಾರಿನಲ್ಲಿ ಸರಪಣಿಗಳು ಪರಸ್ಪರ ಕೈಹಿಡಿದಿರುವುದರಿಂದ ನೀರಿಗೆ ಸಿಗುವ ನೆಲೆಗಳು ಕಡಿಮೆ. ನೀರು ಬಂದು ಆ ಹಿಡಿತಗಳನ್ನು ಒಂದೊಂದಾಗಿ ಬಿಡಿಸುತ್ತದೆ, ನಾರು ಅಡ್ಡಕ್ಕೆ ಉಬ್ಬುತ್ತದೆ, ಹೊಸ ನೆಲೆಗಳು ತೆರೆಯುತ್ತವೆ. ಹಿಂದಿರುಗುವಾಗ ತೆರೆದ ನೆಲೆಗಳು ಒಮ್ಮೆಗೇ ಮುಚ್ಚುವುದಿಲ್ಲ. ನೆಲೆಗಳ ಸಂಖ್ಯೆಯೇ ಅತಿಥಿಗಳ ಬಂದುಹೋಗುವಿಕೆಯಿಂದ ನಿರ್ಧಾರವಾಗುವುದಾದರೆ, ಆ ಸಂಖ್ಯೆಯನ್ನು ಸ್ಥಿರಾಂಕವೆಂದು ಬರೆಯುವ ಸೂತ್ರ ಮೊದಲ ಸಾಲಿನಲ್ಲೇ ಎಡವುತ್ತದೆ. ಹತ್ತಿಯಲ್ಲಿ ಇದಕ್ಕೆ ಇನ್ನೂ ಬಲವಾದ ಸಾಕ್ಷಿಯೊಂದಿದೆ. ಗಿಡದ ಮೇಲಿನ ಕಾಯಿ ಒಡೆಯುವ ತನಕ ನಾರು ಒಳಗೆ ಹಸಿಯಾಗಿಯೇ ಇರುತ್ತದೆ, ದುಂಡಗಿನ ಕೊಳವೆಯ ರೂಪದಲ್ಲಿ. ಕಾಯಿ ಬಿರಿದು ಬಿಸಿಲು ತಾಕಿದಾಗ ಅದು ಜೀವಮಾನದಲ್ಲಿ ಮೊದಲ ಬಾರಿ ಒಣಗುತ್ತದೆ. ಕೊಳವೆ ಚಪ್ಪಟೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಈ ಮೊದಲ ಒಣಗುವಿಕೆಯ ರೇಖೆ ಆಮೇಲಿನ ಎಲ್ಲ ಒಣಗುವಿಕೆಗಳ ರೇಖೆಗಿಂತ ಮೇಲಿರುತ್ತದೆ. ಎಷ್ಟೇ ನೆನೆಸಿದರೂ ಆ ಮೊದಲ ದಾರಿ ಮತ್ತೆ ಸಿಗುವುದಿಲ್ಲ. ಬಿಡಿಸಿ ತಂದ ಅರಳೆಯನ್ನು ಮಾತ್ರ ಅಳೆಯುವವರ ಕಣ್ಣಿಗೆ ಈ ರೇಖೆ ಬೀಳುವುದೇ ಇಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಗಂಭೀರವಾದದ್ದೇ: ಎರಡು ದಾರಿಗಳು ಕಾಣುವುದು ನಾವು ಸಾಕಷ್ಟು ಕಾಯದೆ ಇರುವುದರಿಂದ, ಕಾದರೆ ಎರಡೂ ಒಂದೇ ಬಿಂದುವಿಗೆ ಬರುತ್ತವೆ, ಹಾಗಾಗಿ ಇದು ಬರಿಯ ನಿಧಾನ. ಇದಕ್ಕೆ ಉತ್ತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಿಂದ ಬಂತು. ಕೆ. ಸುಬ್ಬರಾವ್ ಅವರು 1941ರಲ್ಲಿ ಜರ್ನಲ್ ಆಫ್ ಫಿಸಿಕಲ್ ಕೆಮಿಸ್ಟ್ರಿಯಲ್ಲಿ ಹಿಸ್ಟರಿಸಿಸ್ ಕುರಿತು ಸರಣಿ ಲೇಖನಗಳನ್ನೇ ಪ್ರಕಟಿಸಿದರು. ಟೈಟಾನಿಯಾ ಜೆಲ್, ಸಿಲಿಕಾ ಜೆಲ್ ಮುಂತಾದ ಗಡಸು ವಸ್ತುಗಳಲ್ಲಿ ನೀರನ್ನೋ ಕಾರ್ಬನ್ ಟೆಟ್ರಾಕ್ಲೋರೈಡನ್ನೋ ಏರಿಸಿ ಇಳಿಸಿ, ಏರುವ, ಇಳಿಯುವ ಎರಡು ರೇಖೆಗಳು ಸೇರಿ ಮೂಡಿಸುವ ಕುಣಿಕೆಯ ನಡುವೆಯೇ ದಿಕ್ಕು ತಿರುಗಿಸಿ ಅದರ ಒಳಗನ್ನೆಲ್ಲ ಶೋಧಿಸಿದರು. ಆ ವಸ್ತುಗಳಲ್ಲಿ ಸುತ್ತಿನ ಮೇಲೆ ಸುತ್ತು ನಡೆದರೂ ಕುಣಿಕೆ ಅಳಿಯಲಿಲ್ಲ. ಸರಣಿಯ ಆರನೆಯ ಭಾಗದಲ್ಲಿ ಅವರು ಧಾನ್ಯಗಳನ್ನು ಕೈಗೆತ್ತಿಕೊಂಡರು. ಹಿಗ್ಗಬಲ್ಲ ಈ ವಸ್ತುಗಳಲ್ಲಿ ಮೊದಲ ಸುತ್ತುಗಳಲ್ಲಿ ಕಂಡ ಕುಣಿಕೆ ಮುಂದೆ ಮಾಯವಾಯಿತು. ಅವರು ಕೊಟ್ಟ ಕಾರಣ ಘನದ ಸ್ಥಿತಿಸ್ಥಾಪಕತೆ: ಗಡಸು ಜೆಲ್ಲಿನ ಒಳಗಿನ ಗವಿಗಳು ಕಿರಿದಾದ ಬಾಯಿಯ ಹಿಂದೆ ದ್ರವವನ್ನು ಸೆರೆಹಿಡಿದಿಡುತ್ತವೆ, ಗೋಡೆ ಅಲುಗದೆ ಇರುವುದರಿಂದ ಸೆರೆ ಪ್ರತಿ ಸುತ್ತಿನಲ್ಲೂ ಮರುಕಳಿಸುತ್ತದೆ, ಧಾನ್ಯದ ಗೋಡೆ ಹಿಗ್ಗಿ ಕುಗ್ಗುವುದರಿಂದ ಗವಿಗಳೇ ಉಳಿಯುವುದಿಲ್ಲ. ಹಿಸ್ಟರಿಸಿಸ್ ಬರಿಯ ನಿಧಾನವಾಗಿದ್ದರೆ ಎರಡು ಬಗೆಯ ವಸ್ತುಗಳ ನಡುವೆ ಇಂಥ ಗುಣಭೇದ ಹುಟ್ಟುವುದಕ್ಕೆ ಕಾರಣವಿರಲಿಲ್ಲ. ಗವಿಯ ಚಿತ್ರ ಎಲ್ಲ ವಸ್ತುಗಳಿಗೂ ಸರಿಹೋಗುವುದಿಲ್ಲವೆಂದು ಆಮೇಲೆ ತಿಳಿದುಬಂದಿದೆ, ನಿಜ. ಆದರೆ ಘನದ ಯಾಂತ್ರಿಕ ಸ್ವಭಾವವೇ ಅಂಟು-ಬಿಡುವಿನ ನಡೆಯನ್ನು ತೀರ್ಮಾನಿಸುತ್ತದೆ ಎಂಬ ಮಾತನ್ನು ಪ್ರಯೋಗದ ಬಲದ ಮೇಲೆ ಅಷ್ಟು ಮುಂಚೆ ಹೇಳಿದ್ದು ದೊಡ್ಡ ಸಾಧನೆ. ನಮ್ಮ ವಿಜ್ಞಾನ ಚರಿತ್ರೆಗಳಲ್ಲಿ ಅದಕ್ಕೆ ಇನ್ನೂ ಹೆಚ್ಚಿನ ಜಾಗ ಸಲ್ಲಬೇಕು.

ಹಾಗಾದರೆ ಹತ್ತಿಯೂ ಹಿಗ್ಗುತ್ತದಲ್ಲ, ಅದರ ಕುಣಿಕೆ ಏಕೆ ಅಳಿಯುವುದಿಲ್ಲ? ಕಾಯಿ ಒಡೆದ ಮೊದಲ ಒಣಗುವಿಕೆಯ ನಂತರ ಹತ್ತಿಯ ಕುಣಿಕೆ ಪ್ರತಿ ಸುತ್ತಿನಲ್ಲೂ ಬಹುತೇಕ ಅದೇ ಆಕಾರದಲ್ಲಿ ಬರುತ್ತದೆ. ಧಾನ್ಯದ ಫಲಿತಾಂಶವನ್ನು ಹಾಗೇ ಎತ್ತಿ ಹತ್ತಿಗೆ ಹಚ್ಚುವಂತಿಲ್ಲ ಎಂಬುದನ್ನು ಇದು ತೋರಿಸುತ್ತದೆ. ಆದರೆ ವಾದವನ್ನು ಕೆಡಿಸುವುದಿಲ್ಲ, ಹರಿತಗೊಳಿಸುತ್ತದೆ. ಹತ್ತಿಯ ಸೆಲ್ಯುಲೋಸಿನಲ್ಲಿ ಹೆಚ್ಚಿನ ಪಾಲು ಸ್ಫಟಿಕ ರೂಪದ್ದು, ಅದರೊಳಗೆ ನೀರಿಗೆ ಪ್ರವೇಶವಿಲ್ಲ. ಸ್ಫಟಿಕದ ಎಳೆಗಳ ನಡುವಿನ ಸಡಿಲ ಭಾಗ ಹಿಗ್ಗುತ್ತದೆ, ಎಳೆಗಳು ಅದನ್ನು ಬಿಗಿಹಿಡಿದಿರುತ್ತವೆ. ಒಣಗಿದಾಗ ಮುಚ್ಚಿದ ಹಿಡಿತಗಳು ಪ್ರತಿ ಸಲವೂ ಅದೇ ಜಾಗದಲ್ಲಿ ಮುಚ್ಚುತ್ತವೆ. ಅಂದರೆ ಹಿಗ್ಗುವ ಗುಣವೊಂದೇ ಸಾಲದು. ಹಿಗ್ಗಿದ ಘನ ತನ್ನ ಹಿಂದಿನ ಸ್ಥಿತಿಯನ್ನು ಎಷ್ಟರಮಟ್ಟಿಗೆ ಮರೆಯುತ್ತದೆ ಎಂಬುದೂ ಮಾದರಿಯಲ್ಲಿ ಇರಬೇಕು. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಇದೇ ಸೆಲ್ಯುಲೋಸ್ ಇನ್ನೊಂದು ಜನ್ಮ ತಾಳುತ್ತದೆ. ಹರಿಹರ ಪಾಲಿಫೈಬರ್ಸ್ ಮರದ ತಿರುಳನ್ನು ತಯಾರಿಸುತ್ತದೆ, ಪಕ್ಕದ ಗ್ರಾಸಿಲೀನ್ ವಿಸ್ಕೋಸ್ ನಾರನ್ನು ತೆಗೆಯುತ್ತದೆ. ತಿರುಳನ್ನು ಕಾಸ್ಟಿಕ್ ಸೋಡದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಕೂಡಿಸಿ, ಕರಗಿಸಿ, ಗಂಧಕಾಮ್ಲದ ತೊಟ್ಟಿಗೆ ಸಣ್ಣ ರಂಧ್ರಗಳ ಮೂಲಕ ಹಾಯಿಸಿದರೆ ನಾರು ಮತ್ತೆ ಮೈದಳೆಯುತ್ತದೆ. ರಾಸಾಯನಿಕವಾಗಿ ಇದು ಹತ್ತಿಯದೇ ಸೆಲ್ಯುಲೋಸ್. ಆದರೆ ಸ್ಫಟಿಕದ ಪಾಲು ಬಹಳ ಇಳಿದಿದೆ, ಸ್ಫಟಿಕದ ಜೋಡಣೆಯೂ ಬೇರೆ. ಪರಿಣಾಮವಾಗಿ ಶೇ 65ರ ಆರ್ದ್ರತೆಯಲ್ಲಿ ವಿಸ್ಕೋಸ್ ಶೇ 12–14ರಷ್ಟು ನೀರು ಹಿಡಿಯುತ್ತದೆ, ಕುಣಿಕೆಯ ಅಗಲವೂ ಹತ್ತಿಯದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ನೆನೆದ ಹತ್ತಿಯ ನಾರು ಒಣ ನಾರಿಗಿಂತ ಗಟ್ಟಿ, ನೆನೆದ ವಿಸ್ಕೋಸ್ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಅಣು ಅದೇ, ಹೈಡ್ರಾಕ್ಸಿಲ್ ನೆಲೆ ಅದೇ. ಬದಲಾದದ್ದು ಘನದ ಜೋಡಣೆ ಮಾತ್ರ. ತಿರುಳಿನಲ್ಲಿ ಮೊದಲ ಒಣಗುವಿಕೆಯ ಗುರುತು ಇನ್ನೂ ಸ್ಪಷ್ಟ: ಒಮ್ಮೆ ಹಾಳೆಯಾಗಿ ಒಣಗಿಸಿದ ತಿರುಳು ಮತ್ತೆ ನೆನೆದಾಗ ಮೊದಲಿನಷ್ಟು ಉಬ್ಬುವುದಿಲ್ಲ, ರಾಸಾಯನಿಕಗಳಿಗೆ ಮೊದಲಿನಷ್ಟು ಸುಲಭವಾಗಿ ಒಡ್ಡಿಕೊಳ್ಳುವುದೂ ಇಲ್ಲ. ಸೂಕ್ಷ್ಮ ರಂಧ್ರಗಳು ಮುಚ್ಚಿ ಬೆಸೆದುಕೊಳ್ಳುವ ಈ ನಡೆಯನ್ನು ಜರ್ಮನಿಯ ಜಾರ್ಜ್ ಯೈಮೆ 1940ರ ದಶಕದಲ್ಲಿ ಗುರುತಿಸಿದರು.

ಮಂಡಕ್ಕಿಯ ಕಥೆ ಈ ಎಲ್ಲಕ್ಕಿಂತ ತೀವ್ರ, ಏಕೆಂದರೆ ಅಲ್ಲಿ ಬಿಟ್ಟುಹೋಗುವ ನೀರೇ ಘನವನ್ನು ಕಟ್ಟುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಎಂದೇ ಒಂದು ಬಡಾವಣೆಯಿದೆ. ಭತ್ತ ನೆನೆಸಿ, ಕುದಿಸಿ ಅಥವಾ ಹುರಿದು, ಒಣಗಿಸಿ, ಗಿರಣಿಗೆ ಹಾಕಿ, ಉಪ್ಪುನೀರು ಊಡಿಸಿ, ಹದಕ್ಕೆ ತಂದ ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸುವ ಕಸುಬು ಅಲ್ಲಿ ನಡೆದುಬಂದಿದೆ. ಆ ಹದವನ್ನು ಮೈಸೂರಿನ ಸಿ.ಎಫ್.ಟಿ.ಆರ್.ಐ.ನ ಆರ್. ಚಿನ್ನಸ್ವಾಮಿ ಮತ್ತು ಕೆ.ಆರ್. ಭಟ್ಟಾಚಾರ್ಯ 1983ರಲ್ಲಿ ಅಂಕಿಗಳಲ್ಲಿ ಹಿಡಿದರು: ಅಕ್ಕಿಯ ತೇವ ಶೇ 10.5ರಿಂದ 11, ಮರಳಿನ ಬಿಸಿ 250 ಡಿಗ್ರಿ ಸೆಲ್ಸಿಯಸ್, ಕಾಲ ಹತ್ತು-ಹನ್ನೊಂದು ಸೆಕೆಂಡು. ಉಪ್ಪು ಅರಳುವಿಕೆಯನ್ನು ಹೆಚ್ಚಿಸುತ್ತದೆ. ತೇವ ಕಡಿಮೆಯಾದರೆ ಆವಿಯ ಬಲ ಸಾಲದು, ಹೆಚ್ಚಾದರೆ ಕಾಳು ಮೆದುವಾಗಿ ಉಬ್ಬನ್ನು ಹಿಡಿದುಕೊಳ್ಳಲಾರದು. ಒಳಗೆ ನಡೆಯುವುದು ಇಷ್ಟು. ಪಿಷ್ಟ ಸಾಮಾನ್ಯ ತಾಪದಲ್ಲಿ ಗಾಜಿನಂಥ ಬಿರುಸು ಸ್ಥಿತಿಯಲ್ಲಿರುತ್ತದೆ. ಒಂದು ತಾಪ ದಾಟಿದರೆ ರಬ್ಬರಿನಂತೆ ಮೆತುವಾಗುತ್ತದೆ. ಪಿಷ್ಟದಲ್ಲಿ ತೇವ ಹೆಚ್ಚಿದಷ್ಟೂ ಆ ತಾಪ ಇಳಿಯುತ್ತದೆ. ಕಾದ ಮರಳು ತಾಕಿದ ಕ್ಷಣ ಕಾಳು ಮೆತುವಾಗುತ್ತದೆ, ಪಿಷ್ಟವನ್ನು ಬಿಟ್ಟು ಆವಿಯಾದ ನೀರು ಒಳಗಿನಿಂದ ಒತ್ತಿ ಅದನ್ನು ನೊರೆಯಾಗಿಸುತ್ತದೆ, ಆವಿ ಹೊರಬಿದ್ದೊಡನೆ ತೇವ ಕುಸಿದು ನೊರೆಯ ಗೋಡೆ ಮತ್ತೆ ಗಾಜಾಗಿ ನಿಲ್ಲುತ್ತದೆ. ಅಣುಗಳ ನಿರ್ಗಮನವನ್ನೂ ಘನದ ರೂಪವನ್ನೂ ಬೇರೆ ಬೇರೆ ಸಮೀಕರಣಗಳಲ್ಲಿ ಬಿಡಿಸಿ ಬರೆಯುವುದು ಇಲ್ಲಿ ಅಸಾಧ್ಯ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟರೆ ಇದೇ ವಸ್ತು ನೀರನ್ನು ಮರಳಿ ಪಡೆದು ಮೆತ್ತಗಾಗುತ್ತದೆ. ಸುತ್ತಲ ಆರ್ದ್ರತೆ ಶೇ 40–50 ದಾಟಿದರೆ ಇಂಥ ತಿನಿಸುಗಳ ಗರಿಗರಿ ಹೋಗುತ್ತದೆ. ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಗರಿಗರಿ ಬರಬಹುದು, ಭಟ್ಟಿಗೆ ಹೋಗುವ ಮುನ್ನಿನ ಅಕ್ಕಿಯ ರೂಪ ಬರುವುದಿಲ್ಲ.

ಎರೆಮಣ್ಣಿನಲ್ಲಿ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಈ ಸೀಮೆಯ ಕಪ್ಪು ಹೊಲಗಳ ಜೇಡಿಯಲ್ಲಿ ಮಾಂಟ್‌ಮೊರಿಲೋನೈಟ್ ಜಾತಿಯ ಖನಿಜಗಳಿವೆ, ಹಾಳೆಯ ಮೇಲೆ ಹಾಳೆ ಪೇರಿಸಿದ ರಚನೆ. ಒಣಗಿದಾಗ ಒಂದು ಹಾಳೆಯಿಂದ ಇನ್ನೊಂದರ ಅಂತರ ಸುಮಾರು 10 ಆಂಗ್‌ಸ್ಟ್ರಾಮ್. ನೀರಿನ ಒಂದು ಪದರ ನುಗ್ಗಿದರೆ 12.5, ಎರಡನೆಯದಕ್ಕೆ 15ರ ಸುತ್ತ, ಮೂರನೆಯದಕ್ಕೆ 18ರಿಂದ 19. ನಡುವಿನ ಅಂತರಗಳು ಸ್ಥಿರವಾಗಿ ನಿಲ್ಲುವುದಿಲ್ಲ. ಹಾಳೆಗಳು ದೂರ ಸರಿಯುವುದಕ್ಕೆ ಒಂದು ಆರ್ದ್ರತೆ ಬೇಕು, ಹತ್ತಿರ ಬರುವುದಕ್ಕೆ ಅದಕ್ಕಿಂತ ಕಡಿಮೆ ಆರ್ದ್ರತೆ ಬೇಕು. ಹಿಸ್ಟರಿಸಿಸ್ ಇಲ್ಲಿ ಕ್ಷ-ಕಿರಣದ ಚಿತ್ರದಲ್ಲೇ ಅಳೆದು ತೋರಿಸಬಹುದಾದ ಸಂಗತಿ. ಬೇಸಿಗೆಯಲ್ಲಿ ಎರೆ ಹೊಲ ಮೊಣಕಾಲುದ್ದ ಬಿರುಕು ಬಿಡುವುದು, ಮೊದಲ ಹದಮಳೆಯ ನೀರು ಆ ಬಿರುಕುಗಳಲ್ಲಿ ನೇರ ಕೆಳಗಿಳಿಯುವುದು, ಆಮೇಲೆ ಬಿರುಕು ಮುಚ್ಚಿ ಅದೇ ನೆಲ ನೀರನ್ನು ಇಳಿಸಿಕೊಳ್ಳದೆ ಹೊರಗೆ ನಿಲ್ಲಿಸುವುದು, ಇವೆಲ್ಲ ಈ ಹಾಳೆಗಳ ಸರಿದಾಟದ ದೊಡ್ಡ ರೂಪ. ಭದ್ರಾ ಕಾಲುವೆಯ ನೀರಾವರಿಗೆ ಮಣ್ಣಿನ ತೇವವನ್ನು ಅಂದಾಜು ಮಾಡುವವರು ಒಂದೇ ರೇಖೆಯನ್ನು ಇಟ್ಟುಕೊಂಡರೆ ಮುಂಗಾರಿನ ಆರಂಭಕ್ಕೂ ಹಿಂಗಾರಿನ ಕೊನೆಗೂ ಒಂದೇ ಉತ್ತರ ಬರುತ್ತದೆ; ನೆಲ ಕೊಡುವ ಉತ್ತರ ಎರಡು.

ಎರಡನೆಯ ಆಕ್ಷೇಪ ಕೆಲಸಗಾರರದು. ಗುಗ್ಗನ್‌ಹೈಮ್, ಆಂಡರ್ಸನ್, ಡಿ ಬೋಯರ್ ಹೆಸರಿನ ಮೂರು ಸ್ಥಿರಾಂಕದ ಸೂತ್ರ ಧಾನ್ಯಕ್ಕೂ ನಾರಿಗೂ ಚೆನ್ನಾಗಿ ಕೂರುತ್ತದೆ. ಗೋದಾಮಿನ ಲೆಕ್ಕಕ್ಕೆ, ಒಣಗಿಸುವ ಯಂತ್ರದ ವಿನ್ಯಾಸಕ್ಕೆ ಅಷ್ಟು ಸಾಕಲ್ಲವೇ? ಒಂದೇ ದಿಕ್ಕಿನಲ್ಲಿ, ಒಮ್ಮೆ ಮಾತ್ರ ಒಣಗುವ ವಸ್ತುವಿಗೆ ಸಾಕು ಎಂದು ಒಪ್ಪುತ್ತೇನೆ. ಆದರೆ ಆ ಸೂತ್ರಕ್ಕೆ ಏರುವ ರೇಖೆಗೆ ಮೂರು, ಇಳಿಯುವ ರೇಖೆಗೆ ಬೇರೆ ಮೂರು ಸ್ಥಿರಾಂಕ ಕೊಡಬೇಕಾಗುತ್ತದೆ, ನಡುವೆ ತಿರುಗಿದರೆ ಮತ್ತೆ ಬೇರೆ. ಬಂದ ದಾರಿಗೆ ತಕ್ಕಂತೆ ಬದಲಾಗುವುದನ್ನು ಸ್ಥಿರಾಂಕ ಎನ್ನುವಂತಿಲ್ಲ. ಇದಕ್ಕಿಂತ ಹಾನಿಕರವಾದ ಪದ್ಧತಿಯೊಂದಿದೆ: ಎರಡು ಮೂರು ತಾಪಗಳಲ್ಲಿ ಇಳಿಯುವ ರೇಖೆಗಳನ್ನು ಅಳೆದು, ಕ್ಲಾಸಿಯಸ್–ಕ್ಲಾಪಿರಾನ್ ಸಂಬಂಧ ಹಚ್ಚಿ, ನೀರಿನ ಬಂಧನದ ಶಾಖ ಇಷ್ಟು ಎಂದು ಬರೆಯುವುದು. ಆ ಸಂಬಂಧ ಸಮತೋಲದ ಸ್ಥಿತಿಗಳಿಗೆ ಮಾತ್ರ ಸಲ್ಲುತ್ತದೆ. ಕುಣಿಕೆ ಇದೆ ಎಂದರೆ ಎರಡು ಕವಲುಗಳಲ್ಲಿ ಕನಿಷ್ಠ ಒಂದು ಸಮತೋಲದ್ದಲ್ಲ ಎಂದೇ ಅರ್ಥ. ಹೀಗೆ ಬಂದ ಶಾಖದ ಸಂಖ್ಯೆಯಲ್ಲಿ ಘನ ತನ್ನನ್ನು ತಾನು ತಿದ್ದಿಕೊಳ್ಳಲು ಖರ್ಚು ಮಾಡಿದ ಶಕ್ತಿಯೂ ಬೆರೆತಿರುತ್ತದೆ, ಓದುಗನಿಗೆ ಅದು ನೀರಿನ ಗುಣವೆಂದು ಕಾಣುತ್ತದೆ.

ಘನದ ಸ್ಥಿತಿಯನ್ನು ಮಾದರಿಯೊಳಗೆ ತರುವ ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಕಾಂತಗಳಿಗಾಗಿ ಪ್ರೈಸಾಖ್ 1935ರಲ್ಲಿ ರೂಪಿಸಿದ ಚಿತ್ರವನ್ನು ಹೋಲುವ ರೀತಿಯಲ್ಲಿ ಡಿ.ಎಚ್. ಎವರೆಟ್ 1950ರ ದಶಕದಲ್ಲಿ ಅಧಿಶೋಷಣೆಗೆ ಒಂದು ಸಿದ್ಧಾಂತ ಕಟ್ಟಿದರು: ಘನವೆಂದರೆ ಅನೇಕ ಸ್ವತಂತ್ರ ವಲಯಗಳ ಸಮೂಹ, ಪ್ರತಿ ವಲಯಕ್ಕೂ ತುಂಬುವ ಹೊಸ್ತಿಲು ಒಂದು, ಬರಿದಾಗುವ ಹೊಸ್ತಿಲು ಇನ್ನೊಂದು. ಕುಣಿಕೆಯೂ ಅದರೊಳಗಿನ ಅಡ್ಡದಾರಿಗಳೂ ಇದರಿಂದ ಸೊಗಸಾಗಿ ಬರುತ್ತವೆ. ಹೊಸ್ತಿಲುಗಳು ಮಾತ್ರ ಶಾಶ್ವತ, ಹಾಗಾಗಿ ಕುಣಿಕೆಯೂ ಶಾಶ್ವತವಾಗಿಬಿಡುತ್ತದೆ. ಸುಬ್ಬರಾವ್ ಅವರ ಧಾನ್ಯದಲ್ಲಿ ಅಳಿದ ಕುಣಿಕೆಗೆ ಇಲ್ಲಿ ಎಡೆಯಿಲ್ಲ. ಇನ್ನೊಂದು ದಾರಿ ಶಕ್ತಿಯ ಲೆಕ್ಕದ್ದು. ಕಂಪ್ಯೂಟರಿನಲ್ಲಿ ಅಧಿಶೋಷಣೆಯನ್ನು ಅನುಕರಿಸುವ ರೂಢಿಯ ವಿಧಾನ ಘನದ ಗಾತ್ರವನ್ನು ಕಟ್ಟಿಹಾಕಿ ಅಣುಗಳ ಸಂಖ್ಯೆಯನ್ನು ಮಾತ್ರ ಬಿಡುತ್ತದೆ. ಅದರ ಬದಲು ಹೊರಗಿನ ಆವಿಯ ಮಟ್ಟವನ್ನೂ ಹೊರಗಿನ ಯಾಂತ್ರಿಕ ಒತ್ತಡವನ್ನೂ ಕಟ್ಟಿ, ಅಣುಗಳ ಸಂಖ್ಯೆ ಮತ್ತು ಘನದ ಗಾತ್ರ ಎರಡನ್ನೂ ಬಿಟ್ಟರೆ ಎರಡೂ ಒಂದನ್ನೊಂದು ನಿರ್ಧರಿಸಿಕೊಳ್ಳುತ್ತವೆ. ಹಿಗ್ಗುವ ಸರಂಧ್ರ ಸ್ಫಟಿಕಗಳಿಗೆ ಈ ಚೌಕಟ್ಟು 2000ದ ನಂತರ ಬಹಳ ಬಳಕೆಗೆ ಬಂದಿದೆ. ಆ ಜಾತಿಯ ಲೋಹ–ಸಾವಯವ ಹಂದರಗಳಿಗಾಗಿಯೇ 2025ರ ರಸಾಯನಶಾಸ್ತ್ರದ ನೊಬೆಲ್ ಕಿಟಗಾವ, ರಾಬ್ಸನ್, ಯಾಘಿ ಅವರಿಗೆ ಸಂದಿತು. ಚರಗಳನ್ನು ಹೀಗೆ ಕೂಡಿಸುತ್ತ ಹೋದರೆ ಯಾವ ಅಳತೆಗಾದರೂ ಹೊಂದಿಸಬಹುದಲ್ಲ, ಅದರಿಂದ ಏನು ತಿಳಿದಂತಾಯಿತು ಎಂಬ ಮೂರನೆಯ ಆಕ್ಷೇಪಕ್ಕೆ ಇಲ್ಲೇ ಉತ್ತರ ಸಿಗುತ್ತದೆ. ಬ್ರಿಟನ್ನಿನ ಡಬ್ಲ್ಯು.ಡಬ್ಲ್ಯು. ಬಾರ್ಕಸ್ 1940ರ ದಶಕದಲ್ಲಿ ಮರದ ಮೇಲೆ ಕೆಲಸ ಮಾಡುತ್ತ ತೋರಿಸಿದಂತೆ, ಹಿಗ್ಗದಂತೆ ಒತ್ತಿಹಿಡಿದ ಮರ ಅದೇ ಆರ್ದ್ರತೆಯಲ್ಲಿ ಕಡಿಮೆ ನೀರು ಹಿಡಿಯಬೇಕು. ಎಷ್ಟು ಕಡಿಮೆ ಎಂಬುದು ಇಷ್ಟಬಂದಂತೆ ಆರಿಸುವ ಸಂಖ್ಯೆಯಲ್ಲ. ತೇವಕ್ಕೆ ಆ ಮರ ಎಷ್ಟು ಹಿಗ್ಗುತ್ತದೆ ಎಂಬ ಪ್ರತ್ಯೇಕ ಅಳತೆಯಿಂದಲೇ ಅದು ಬಂದುಬಿಡುತ್ತದೆ. ಹೊಸ ಚರ ಬಂದಾಗ ಹೊಸ ಪರೀಕ್ಷೆಯೂ ಜೊತೆಗೆ ಬರುತ್ತದೆ.

ಇದೆಲ್ಲ ಮೆದು ವಸ್ತುಗಳ ಪಾಡು, ಲೋಹಕ್ಕೆ ಸಲ್ಲದು ಎನ್ನುವವರಿಗೆ ಪ್ಲಾಟಿನಂ ಸಾಕ್ಷಿ. ಅದರ ಒಂದು ಸ್ಫಟಿಕ ಮುಖ ಶುದ್ಧವಾಗಿದ್ದಾಗ ಮೇಲ್ಪದರದ ಪರಮಾಣುಗಳು ಷಡ್ಭುಜ ಜೋಡಣೆಯಲ್ಲಿರುತ್ತವೆ. ಕಾರ್ಬನ್ ಮಾನಾಕ್ಸೈಡ್ ಸಾಕಷ್ಟು ಅಂಟಿದರೆ ಚೌಕ ಜೋಡಣೆಗೆ ಹೊರಳುತ್ತವೆ. ಆಮ್ಲಜನಕ ಚೌಕಕ್ಕೆ ಅಂಟುವ ಸಂಭವ ಷಡ್ಭುಜಕ್ಕೆ ಅಂಟುವುದಕ್ಕಿಂತ ನೂರು ಪಟ್ಟಿನಷ್ಟೋ ಅದಕ್ಕೂ ಮಿಗಿಲೋ ಇರುತ್ತದೆ. ಅಂಟಿದ ಎರಡೂ ಕೂಡಿ ಹೊರಹೋದಂತೆ ಮೈ ಮತ್ತೆ ಷಡ್ಭುಜವಾಗುತ್ತದೆ, ಕ್ರಿಯೆಯ ವೇಗ ಗಡಿಯಾರದ ಲೋಲಕದಂತೆ ಏರಿಳಿಯುತ್ತದೆ. 1980ರ ದಶಕದಲ್ಲಿ ಗೆರ್ಹಾರ್ಡ್ ಎರ್ಟ್ಲ್ ಮತ್ತು ಸಂಗಡಿಗರು ಈ ಏರಿಳಿತಕ್ಕೆ ಬರೆದ ಮಾದರಿಯಲ್ಲಿ ಅಂಟಿದ ಅಣುಗಳ ಜೊತೆಗೆ ಚೌಕವಾದ ಮೈಯ ಪಾಲೂ ಒಂದು ಚರ. ಅದನ್ನು ತೆಗೆದರೆ ಏರಿಳಿತವೇ ಬರುವುದಿಲ್ಲ. ಎರ್ಟ್ಲ್ 2007ರಲ್ಲಿ ನೊಬೆಲ್ ಪಡೆದರು. ಜಗಳೂರು ಸೀಮೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಸಮಸ್ಯೆಗೆ ಬಳಸಬಹುದಾದ ಸಕ್ರಿಯ ಅಲ್ಯುಮಿನಾದಲ್ಲೂ ಇದರ ನೆರಳಿದೆ: ನೀರಿನ ಆಮ್ಲೀಯತೆಗೆ ತಕ್ಕಂತೆ ಅದರ ಮೈಯ ವಿದ್ಯುದಾವೇಶ ಬದಲಾಗಿ ಹಿಡಿತ ಹೆಚ್ಚುಕಡಿಮೆಯಾಗುತ್ತದೆ, ಕಾಸ್ಟಿಕ್ ಸೋಡದಿಂದ ತೊಳೆದು ಮರುಬಳಸಿದಂತೆಲ್ಲ ಸಾಮರ್ಥ್ಯ ತಗ್ಗುತ್ತದೆ.

ಉಳಿದದ್ದು ವೇಗದ ಪ್ರಶ್ನೆ, ಮಾದರಿಗಳು ಇನ್ನೂ ಸೋಲುವುದು ಇಲ್ಲೇ. ಬಿಡಿ ನಾರಿನೊಳಗೆ ನೀರು ಹರಡುವುದಕ್ಕೆ ಹೆಚ್ಚು ಹೊತ್ತು ಬೇಡ, ಒತ್ತಿಕಟ್ಟಿದ ಅಂಡಿಗೆ ಗಾಳಿಯ ತೇವಕ್ಕೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಂಟುವ ನೀರು ಶಾಖ ಬಿಡುತ್ತದೆ, ಅಂಡಿಗೆಯ ಒಳಗೆ ಆ ಶಾಖ ಬೇಗ ಹೊರಹೋಗದೆ ಮುಂದಿನ ನೀರನ್ನು ತಡೆಯುತ್ತದೆ. ಇದು ಅಣು ಚಲಿಸುವ ಕಾಲ. ಸರಪಣಿಗಳು ಮರುಜೋಡಣೆಗೊಳ್ಳುವ ಕಾಲ ಬೇರೆ. ಎರಡರ ಅನುಪಾತ ಒಂದರ ಆಸುಪಾಸಿಗೆ ಬಂದರೆ ಸಾಮಾನ್ಯ ವಿಸರಣೆಯ ನಿಯಮಗಳು ಕೈಕೊಡುತ್ತವೆ. ಅಣುಚಲನೆಯ ಅನುಕರಣೆ ಎಷ್ಟು ದೊಡ್ಡ ಕಂಪ್ಯೂಟರಿನಲ್ಲಿ ನಡೆದರೂ ಸಾಮಾನ್ಯವಾಗಿ ಮೈಕ್ರೊಸೆಕೆಂಡುಗಳ ಆಚೆ ಹೋಗುವುದು ಕಷ್ಟ, ನಾರಿನ ಮರುಜೋಡಣೆಗೆ ನಿಮಿಷಗಳೋ ಗಂಟೆಗಳೋ ಬೇಕು. ನಡುವಿನ ಕಂದರ ನೂರು ಕೋಟಿ ಪಟ್ಟಿನದು. ಘಟನೆಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಸಂಭವದ ದರ ಕೊಟ್ಟು, ಚೀಟಿ ಎತ್ತಿದಂತೆ ಒಂದೊಂದನ್ನೇ ನಡೆಸುವ ಮಾಂಟೆ ಕಾರ್ಲೊ ವಿಧಾನ ಈ ಕಂದರವನ್ನು ದಾಟಬಲ್ಲದು. ಆದರೆ ಮೈ ಬದಲಾದಾಗಲೆಲ್ಲ ಪಟ್ಟಿಯನ್ನೇ ತಿದ್ದಬೇಕು, ತಿದ್ದುವ ದರಗಳು ಅಳತೆಯಿಂದ ಬರಬೇಕು. ಬಾಪೂಜಿ ತಾಂತ್ರಿಕ ಕಾಲೇಜಿನ ಜವಳಿ ತಂತ್ರಜ್ಞಾನ ವಿಭಾಗ, 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾನಿಲಯ, ಎರಡಕ್ಕೂ ಹತ್ತಿಯ ಹೊಲವೂ ತಿರುಳಿನ ಕಾರ್ಖಾನೆಯೂ ಒಂದೇ ದಿನದಲ್ಲಿ ಹೋಗಿಬರುವಷ್ಟು ಹತ್ತಿರ. ಬಿರಿಯದ ಕಾಯಿಯ ನಾರನ್ನೂ ಎಂದೂ ಒಣಗದ ತಿರುಳನ್ನೂ ಹಸಿಯಾಗಿಯೇ ತಕ್ಕಡಿಗೆ ತರುವ ಅನುಕೂಲ ಬೇರೆಡೆಯ ಪ್ರಯೋಗಶಾಲೆಗಳಿಗೆ ಸುಲಭವಾಗಿ ಸಿಗುವುದಿಲ್ಲ. ಆ ಮೊದಲ ಒಣಗುವಿಕೆಯಿಂದ ಆರಂಭಿಸಿ ಹಲವು ಸುತ್ತುಗಳ ತನಕ ತೂಕವನ್ನೂ ಗಾತ್ರವನ್ನೂ ಒಂದೇ ನಮೂನೆಯ ಮೇಲೆ ಒಟ್ಟಿಗೆ ಅಳೆದರೆ ಇಲ್ಲಿ ಮಂಡಿಸಿದ ವಾದವನ್ನೇ ಪರೀಕ್ಷೆಗೆ ಒಡ್ಡಬಹುದು. ನೀರಿನ ಪ್ರಮಾಣವನ್ನು ಆರ್ದ್ರತೆಯ ಎದುರು ಬರೆದಾಗ ಕಾಣುವ ಕುಣಿಕೆ, ಅದನ್ನೇ ನಾರಿನ ಗಾತ್ರದ ಎದುರು ಬರೆದಾಗ ಕಿರಿದಾಗಬೇಕು ಅಥವಾ ಮುಚ್ಚಿಹೋಗಬೇಕು. ಅಷ್ಟೇ ಅಗಲವಾಗಿ ಉಳಿದರೆ, ಗಾತ್ರ ಸರಿಯಾದ ಚರವಲ್ಲ, ಘನದ ನೆನಪು ಬೇರೆಲ್ಲೋ ಇದೆ ಎಂದು ಹುಡುಕಬೇಕಾಗುತ್ತದೆ.